ಫೋನ್ ಬ್ರೌಸರ್ ಮೈಕ್, ಕ್ಯಾಮೆರಾ ಕೊಡುತ್ತಿಲ್ಲ: ತಡೆ ಎಲ್ಲಿದೆ, ಹೇಗೆ ಕೇಳಬೇಕು?

ಪ್ರಶ್ನೆ: ನಮ್ಮ ಅತ್ತೆ ಧಾರವಾಡದಲ್ಲಿ ಹಿಂದೂಸ್ತಾನಿ ಗಾಯನ ಹೇಳಿಕೊಡುತ್ತಾರೆ. ದೂರದ ಊರುಗಳಲ್ಲಿರುವ ಶಿಷ್ಯರಿಗಾಗಿ ನಾನೇ ಒಂದು ವೆಬ್ ಪುಟ ಮಾಡಿದ್ದೇನೆ. ಪುಟ ತೆರೆದ ಕೂಡಲೇ ಕ್ಯಾಮೆರಾ, ಮೈಕ್ ಎರಡಕ್ಕೂ ಪರ್ಮಿಷನ್ ಕೇಳುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿದೆ. ಮನೆಯ ವೈಫೈನಲ್ಲಿ ಅದೇ ಪುಟವನ್ನು ಫೋನ್‌ನಲ್ಲಿ ತೆರೆದರೆ ಪರ್ಮಿಷನ್ ಕೇಳುವುದೇ ಇಲ್ಲ. ಸರ್ವರ್‌ಗೆ ಹಾಕಿದ ಮೇಲೆ ಕೆಲವರಿಗೆ ಕೇಳುತ್ತದೆ, ಕೆಲವರಿಗೆ ಕೇಳದೆಯೇ ಬ್ಲಾಕ್ ಆಗುತ್ತದೆ. ಐಫೋನ್ ಇರುವ ಶಿಷ್ಯೆಯೊಬ್ಬರಿಗೆ ಮತ್ತೆ ಮತ್ತೆ ಕೇಳುತ್ತದಂತೆ. ಇನ್ನೊಬ್ಬರು ಅಲೌ ಕೊಟ್ಟರೂ ಚಿತ್ರ ಕಪ್ಪು. ಅತ್ತೆಯ ದೂರು ಬೇರೆಯೇ: ಹಾಡು ಕೇಳಿಸುತ್ತದೆ, ತಂಬೂರಿ ಕೇಳಿಸುವುದಿಲ್ಲ. ನಾನು ಏನು ಬದಲಾಯಿಸಬೇಕು?

ಉತ್ತರ: ನೀವು ಹೇಳಿದ ಒಂದೊಂದು ತೊಂದರೆಗೂ ಬೇರೆ ಬೇರೆ ಕಾರಣ ಇದೆ. ಆದರೆ ಮೊದಲು ಬದಲಾಯಿಸಬೇಕಾದ್ದು ಒಂದೇ. ಪುಟ ತೆರೆದ ಕೂಡಲೇ ಕೇಳುವುದನ್ನು ಬಿಡಿ. ಫೋನ್‌ನಲ್ಲಿ ಪರ್ಮಿಷನ್ ಕೇಳಲು ನಿಮಗೆ ಸಿಗುವ ಅವಕಾಶಗಳು ಬಹಳ ಕಡಿಮೆ. ಶಿಷ್ಯರಿಗೆ ಏನು, ಯಾಕೆ ಅಂತ ಗೊತ್ತಾಗುವ ಮೊದಲೇ ಆ ಅವಕಾಶವನ್ನು ಖರ್ಚು ಮಾಡಿದರೆ ಮತ್ತೆ ಸಿಗುವುದು ಕಷ್ಟ. ಅದು ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಮೊದಲು ಸುಲಭವಾದದ್ದನ್ನು ಮುಗಿಸೋಣ.

ಮನೆಯ ವೈಫೈನಲ್ಲಿ ಫೋನ್ ಕೇಳದೇ ಇರುವುದಕ್ಕೆ ನಿಮ್ಮ ಕೋಡ್ ಕಾರಣ ಅಲ್ಲ, ವಿಳಾಸ ಕಾರಣ. ಲ್ಯಾಪ್‌ಟಾಪ್‌ನಲ್ಲಿ ನೀವು ಲೋಕಲ್‌ಹೋಸ್ಟ್ ಅಂತ ತೆರೆಯುತ್ತೀರಿ, ಅಂದರೆ ಪುಟ ಅದೇ ಯಂತ್ರದಿಂದ ಬರುತ್ತದೆ. ಫೋನ್‌ನಲ್ಲಿ 192.168 ಅಂತ ಶುರುವಾಗುವ ಐಪಿ ವಿಳಾಸ ಹಾಕುತ್ತೀರಿ, ಅದೂ ಬರೀ ಎಚ್‌ಟಿಟಿಪಿ. ಕ್ಯಾಮೆರಾ, ಮೈಕ್ ಸಿಗುವುದು ಸುರಕ್ಷಿತ ವಿಳಾಸಕ್ಕೆ ಮಾತ್ರ. ಅಂದರೆ ಎಚ್‌ಟಿಟಿಪಿಎಸ್ ಇರಬೇಕು, ಇಲ್ಲವೇ ಲೋಕಲ್‌ಹೋಸ್ಟ್ ಆಗಿರಬೇಕು. 2015ರ ಕೊನೆಗೆ ಬಂದ ಕ್ರೋಮ್ 47ರಿಂದ ಈ ನಿಯಮ ಇದೆ. ಈಗ ಎಲ್ಲ ದೊಡ್ಡ ಬ್ರೌಸರ್‌ಗಳೂ ಹೀಗೇ ಮಾಡುತ್ತವೆ. ಬರೀ ಎಚ್‌ಟಿಟಿಪಿ ಪುಟದಲ್ಲಿ ನ್ಯಾವಿಗೇಟರ್‌ನ ಮೀಡಿಯಾಡಿವೈಸಸ್ ಅನ್ನುವ ವಸ್ತುವೇ ಇರುವುದಿಲ್ಲ. ಹಾಗಾಗಿ ಮೈಕ್, ಕ್ಯಾಮೆರಾ ಕೇಳುವ ಗೆಟ್‌ಯೂಸರ್‌ಮೀಡಿಯಾ ಅನ್ನು ಕರೆಯುವ ಸಾಲಿನಲ್ಲೇ ನಿಮ್ಮ ಕೋಡ್ ಮುರಿದು ನಿಲ್ಲುತ್ತದೆ. ಪಾಪ್‌ಅಪ್ ಬರುವ ಹಂತಕ್ಕೇ ಅದು ಹೋಗಿರುವುದಿಲ್ಲ.

ಪರೀಕ್ಷೆಗೆ ಆಂಡ್ರಾಯ್ಡ್ ಫೋನ್ ಇದ್ದರೆ ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ, ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ, ಎಡಿಬಿ (ಲ್ಯಾಪ್‌ಟಾಪ್‌ನಿಂದ ಆಂಡ್ರಾಯ್ಡ್ ಫೋನ್‌ಗೆ ಆದೇಶ ಕೊಡುವ ಸಾಧನ) ರಿವರ್ಸ್ ಕಮಾಂಡ್‌ನಿಂದ ನಿಮ್ಮ ಪೋರ್ಟನ್ನು ಫೋನ್‌ಗೆ ತಿರುಗಿಸಿ. ಆಗ ಫೋನ್‌ನಲ್ಲೂ ಲೋಕಲ್‌ಹೋಸ್ಟ್ ಅಂತಲೇ ತೆರೆಯಬಹುದು, ಪರ್ಮಿಷನ್ ಪಾಪ್‌ಅಪ್ ಬರುತ್ತದೆ. ಐಫೋನ್‌ನಲ್ಲಿ ನೋಡಬೇಕೆಂದರೆ ಎಚ್‌ಟಿಟಿಪಿಎಸ್ ಇರುವ ಪರೀಕ್ಷಾ ವಿಳಾಸವನ್ನೇ ಇಟ್ಟುಕೊಳ್ಳಿ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸೇವೆಯಿಂದ ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟ್ ಉಚಿತವಾಗಿ ಸಿಗುತ್ತದೆ.

ಈಗ ಕೇಳದೆಯೇ ಬ್ಲಾಕ್ ಆಗುವ ಸಂಗತಿಗೆ ಬರೋಣ. ಫೋನ್‌ನಲ್ಲಿ ಒಂದೇ ಅನುಮತಿ ಇರುವುದಿಲ್ಲ, ಒಂದರ ಮೇಲೊಂದು ಇರುತ್ತವೆ. ನಿಮ್ಮ ಸೈಟ್‌ಗೆ ಮೈಕ್ ಕೊಡಲು ಬ್ರೌಸರ್ ಒಪ್ಪಬೇಕು. ಆ ಬ್ರೌಸರ್‌ಗೆ ಮೈಕ್ ಕೊಡಲು ಫೋನ್ ಒಪ್ಪಬೇಕು. 2015ರ ಆಂಡ್ರಾಯ್ಡ್ 6ರಿಂದ ಪ್ರತಿ ಆಪ್ ಕೂಡ ಮೈಕ್, ಕ್ಯಾಮೆರಾವನ್ನು ಬೇಕಾದಾಗ ಕೇಳಿಯೇ ಪಡೆಯಬೇಕು. ಕ್ರೋಮ್ ಕೂಡ ಒಂದು ಆಪ್ ಅಲ್ವಾ? ಅದಕ್ಕೂ ಈ ನಿಯಮ ಬಿಟ್ಟಿಲ್ಲ. ಆಂಡ್ರಾಯ್ಡ್ 11ರಿಂದ ಇನ್ನೂ ಬಿಗಿ. ಒಂದು ಆಪ್‌ಗೆ ಒಂದೇ ಅನುಮತಿಯನ್ನು ಎರಡು ಸಲ ಬೇಡ ಅಂದರೆ, ಫೋನ್ ಅದನ್ನು ‘ಇನ್ನು ಕೇಳಬೇಡ’ ಅಂತ ತಿಳಿದುಕೊಳ್ಳುತ್ತದೆ. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಕೈಯಾರೆ ಕೊಡಬೇಕು. ಯಾವಾಗಲೋ ಬೇರೆ ಯಾವುದೋ ಸೈಟ್‌ಗೆ ಮೈಕ್ ಬೇಡ ಅನ್ನುವ ಭರದಲ್ಲಿ ಕ್ರೋಮ್‌ಗೇ ಬೇಡ ಅಂದವರು ನಿಮ್ಮ ಕ್ಲಾಸ್‌ಗೂ ಬರುತ್ತಾರೆ.

ಬ್ರೌಸರ್ ಮಟ್ಟದಲ್ಲಿ ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಬ್ಲಾಕ್ ಒತ್ತಿದರೆ ಆ ಸೈಟ್‌ಗೆ ಬಾಗಿಲು ಮುಚ್ಚುತ್ತದೆ, ಅದು ಎಲ್ಲರಿಗೂ ತಿಳಿದಿದೆ. ಆದರೆ ಏನೂ ಒತ್ತದೆ ಪಾಪ್‌ಅಪ್ಪನ್ನು ಮುಚ್ಚಿಬಿಟ್ಟರೂ ಕ್ರೋಮ್ ಲೆಕ್ಕ ಇಡುತ್ತದೆ. ಮೂರು ಸಲ ಹಾಗೆ ಮಾಡಿದರೆ ಒಂದು ವಾರ ಆ ಸೈಟ್ ಮತ್ತೆ ಕೇಳುವಂತಿಲ್ಲ. ಪುಟ ತೆರೆದ ಕೂಡಲೇ ಕೇಳುವ ಸೈಟ್‌ಗೆ ಇದು ದೊಡ್ಡ ಹೊಡೆತ. ಶಿಷ್ಯರು ಸೋಮವಾರ ಕ್ಲಾಸ್ ಸಮಯ ನೋಡಲು ಬರುತ್ತಾರೆ, ಪಾಪ್‌ಅಪ್ ಬರುತ್ತದೆ, ಮುಚ್ಚುತ್ತಾರೆ. ಮಂಗಳವಾರ ಫೀಸ್ ವಿವರ ನೋಡಲು ಬಂದಾಗಲೂ ಅಷ್ಟೇ, ಬುಧವಾರವೂ ಅಷ್ಟೇ. ಗುರುವಾರ ನಿಜವಾಗಿ ಹಾಡಲು ಕೂತಾಗ ಬಾಗಿಲು ಮುಚ್ಚಿದೆ. ಅವರು ಬೇಡ ಅಂದೇ ಇಲ್ಲ! ನಿಮ್ಮ ಶಿಷ್ಯರಲ್ಲಿ ಕೆಲವರಿಗೆ ಆಗಿರುವುದು ಇದೇ ಇರಬೇಕು ಅಂತ ನನ್ನ ಅನಿಸಿಕೆ.

ಹಾಗಾದರೆ ಯಾವಾಗ ಕೇಳಬೇಕು? ‘ಕ್ಲಾಸ್ ಶುರು ಮಾಡಿ’ ಅಂತ ಒಂದು ಗುಂಡಿ ಇಡಿ. ಗೆಟ್‌ಯೂಸರ್‌ಮೀಡಿಯಾ ಕರೆ ಆ ಗುಂಡಿ ಒತ್ತಿದಾಗ ಮಾತ್ರ ಓಡಲಿ. ಗುಂಡಿಯ ಮೇಲೆ ಮೂರು ಸಾಲು ಬರೆಯಿರಿ: "ನಿಮ್ಮ ಹಾಡು ಗುರುಗಳಿಗೆ ಕೇಳಿಸಲು ಮೈಕ್ ಬೇಕು. ಈಗ ಫೋನ್ ನಿಮ್ಮನ್ನು ಕೇಳುತ್ತದೆ, ಅಲೌ ಒತ್ತಿ. ಕ್ಲಾಸ್ ಮುಗಿದ ಕೂಡಲೇ ಮೈಕ್ ಆಫ್ ಆಗುತ್ತದೆ." ಈ ಮೂರು ಸಾಲುಗಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬ್ರೌಸರ್ ತೋರಿಸುವ ಪಾಪ್‌ಅಪ್‌ನಲ್ಲಿ ಸೈಟ್ ಹೆಸರು ಇರುತ್ತದೆ, ಏನು ಬೇಕು ಅಂತ ಇರುತ್ತದೆ. ಯಾಕೆ ಬೇಕು ಅಂತ ಇರುವುದಿಲ್ಲ. ಅದರೊಳಗೆ ನೀವು ಒಂದು ಪದವನ್ನೂ ಸೇರಿಸಲಾಗದು. ಅದು ಬರುವುದು ಬ್ರೌಸರ್ ಯಾವ ಭಾಷೆಯಲ್ಲಿದೆಯೋ ಆ ಭಾಷೆಯಲ್ಲಿ. ಬಹಳ ಮನೆಗಳಲ್ಲಿ ಫೋನ್ ಇಂಗ್ಲಿಷ್‌ನಲ್ಲೇ ಇರುತ್ತದೆ. ಅರವತ್ತು ದಾಟಿದ ಮೇಲೆ ಹಾಡು ಕಲಿಯಲು ಕೂತವರಿಗೆ ಇದ್ದಕ್ಕಿದ್ದಂತೆ ಕ್ಯಾಮೆರಾ, ಮೈಕ್ರೊಫೋನ್ ಅಂತ ಇಂಗ್ಲಿಷ್ ಡಬ್ಬಿ ಎದುರಾದರೆ ಹೆದರಿ ಬೇಡ ಅನ್ನುವುದು ಸಹಜ. ಮೋಸದ ಕರೆಗಳ ಸುದ್ದಿ ದಿನಾ ಕೇಳುವವರು ಹಾಗೆ ಎಚ್ಚರವಾಗಿರುವುದು ಒಳ್ಳೆಯದೇ. ಆ ಎಚ್ಚರಕ್ಕೆ ಮರ್ಯಾದೆ ಕೊಟ್ಟು, ಅವರ ಭಾಷೆಯಲ್ಲಿ ಮೊದಲೇ ಕಾರಣ ಹೇಳಬೇಕಾದ್ದು ನಮ್ಮ ಕೆಲಸ.

ಒಂದು ಮಾತ್ರ ಮಾಡಬೇಡಿ. ಬ್ರೌಸರ್‌ನ ಪಾಪ್‌ಅಪ್ ತರಹವೇ ಕಾಣುವ ನಕಲಿ ಡಬ್ಬಿ ಮಾಡಿ ಅದರಲ್ಲಿ ಅಲೌ ಅಂತ ಬರೆಯಬೇಡಿ. ಜನ ಒಂದು ಸಲ ಒತ್ತಿ, ಎರಡನೆಯದು ಬಂದಾಗ ‘ಮತ್ತೇನು ಇದು’ ಅಂತ ಮುಚ್ಚುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಅಸಲಿ ಯಾವುದು ನಕಲಿ ಯಾವುದು ಅಂತ ಗುರುತಿಸುವ ಅಭ್ಯಾಸವನ್ನೇ ನಾವು ಕೆಡಿಸಿದಂತಾಗುತ್ತದೆ.

ಇನ್ನು, ಎರಡನ್ನೂ ಒಟ್ಟಿಗೆ ಕೇಳುವ ಅಗತ್ಯ ನಿಜವಾಗಿ ಇದೆಯಾ? ಗಾಯನ ಕ್ಲಾಸ್‌ಗೆ ಮೈಕ್ ಬೇಕೇ ಬೇಕು. ಕ್ಯಾಮೆರಾ ಇದ್ದರೆ ಒಳ್ಳೆಯದು, ಅಷ್ಟೇ. ಒಂದೇ ಕರೆಯಲ್ಲಿ ಎರಡನ್ನೂ ಕೇಳಿದರೆ ಉತ್ತರವೂ ಒಂದೇ ಬರುತ್ತದೆ. ಮನೆಯ ಅಡುಗೆಮನೆ ಕಾಣುತ್ತದೆ ಅಂತ ಕ್ಯಾಮೆರಾಗೆ ಬೇಡ ಅಂದವರು ಮೈಕನ್ನೂ ಕಳೆದುಕೊಳ್ಳುತ್ತಾರೆ. ಕ್ಯಾಮೆರಾ ಬೇರೆ ಆಪ್‌ನ ಕೈಯಲ್ಲಿದ್ದರೆ ಇಡೀ ಕರೆ ಸೋಲುತ್ತದೆ, ಮೈಕ್ ಸುಮ್ನೆ ಖಾಲಿ ಕೂತಿದ್ದರೂ ಸಿಗುವುದಿಲ್ಲ. ಅದಕ್ಕೆ ಮೊದಲು ಮೈಕ್ ಮಾತ್ರ ಕೇಳಿ. ಕ್ಲಾಸ್ ನಡೆಯುತ್ತಿರುವಾಗ ‘ವಿಡಿಯೊ ಆನ್ ಮಾಡಿ’ ಅನ್ನುವ ಇನ್ನೊಂದು ಗುಂಡಿಯಿಂದ ಕ್ಯಾಮೆರಾ ಕೇಳಿ. ಪಾಪ್‌ಅಪ್ ಎರಡಾಗುತ್ತವೆ, ನಿಜ. ಆದರೆ ಎರಡೂ ಶಿಷ್ಯರು ತಾವೇ ಒತ್ತಿದ ಗುಂಡಿಗೆ ಬಂದವು.

ಸ್ವರಲಿಪಿ ಬರೆದ ಪುಸ್ತಕದ ಫೋಟೊ ಕಳಿಸುವ ಸೌಲಭ್ಯ ಸೇರಿಸುವುದಾದರೆ, ಅದಕ್ಕೆ ಈ ಯಾವ ಗೋಜೂ ಬೇಡ. ಮಾಮೂಲಿ ಫೈಲ್ ಇನ್‌ಪುಟ್‌ಗೆ ಚಿತ್ರ ಮಾತ್ರ ಅಂತ ಹೇಳಿ, ಕ್ಯಾಪ್ಚರ್ ಅನ್ನುವ ಗುಣವನ್ನು ಎನ್ವಿರಾನ್‌ಮೆಂಟ್ ಅಂತ ಇಡಿ. ಫೋನ್‌ನ ಕ್ಯಾಮೆರಾ ಹಿಂಬದಿಯ ಲೆನ್ಸ್‌ನೊಂದಿಗೆ ತೆರೆದುಕೊಳ್ಳುತ್ತದೆ. ತೆಗೆದ ಆ ಒಂದು ಫೋಟೊ ಮಾತ್ರ ನಿಮ್ಮ ಪುಟಕ್ಕೆ ಬರುತ್ತದೆ. ಸೈಟ್‌ಗೆ ಕ್ಯಾಮೆರಾ ಪರ್ಮಿಷನ್ ಬೇಕಾಗುವುದೇ ಇಲ್ಲ.

ಐಫೋನ್ ಶಿಷ್ಯೆಯ ವಿಷಯ. ಐಫೋನ್‌ನ ಸಫಾರಿಗೆ ಈ ಸೌಲಭ್ಯ ಬಂದದ್ದೇ ತಡವಾಗಿ, 2017ರ ಐಒಎಸ್ 11ರಲ್ಲಿ. ಐಫೋನ್‌ನಲ್ಲಿರುವ ಕ್ರೋಮ್ ಮುಂತಾದ ಬೇರೆ ಬ್ರೌಸರ್‌ಗಳಿಗೆ ಸಿಕ್ಕಿದ್ದು 2020ರ ಡಿಸೆಂಬರ್‌ನ 14.3ರಲ್ಲಿ. ಯಾರಾದರೂ ಅದಕ್ಕಿಂತ ಹಳೆಯ ಆವೃತ್ತಿ ಇಟ್ಟುಕೊಂಡಿದ್ದರೆ ಸಫಾರಿಯಲ್ಲೇ ತೆರೆಯಲು ಹೇಳಬೇಕು. ಸಫಾರಿ ಒಮ್ಮೆ ಕೊಟ್ಟ ಒಪ್ಪಿಗೆಯನ್ನು ತಾನಾಗಿ ಬಹಳ ಕಾಲ ನೆನಪಿಡುವುದಿಲ್ಲ. ಪುಟ ಮತ್ತೆ ಲೋಡ್ ಆದರೆ ಮತ್ತೆ ಕೇಳಬಹುದು. ಹಾಗಾಗಿ ಕ್ಲಾಸ್ ಒಂದು ಪುಟ, ಸ್ವರಲಿಪಿ ಇನ್ನೊಂದು ಪುಟ, ಹೋಮ್‌ವರ್ಕ್ ಮತ್ತೊಂದು ಅಂತ ಮಾಡಿದ್ದರೆ ಅವರು ಹೋಗಿ ಬಂದಾಗೆಲ್ಲ ಪಾಪ್‌ಅಪ್ ಬರುತ್ತದೆ. ಕ್ಲಾಸ್ ನಡೆಯುವಷ್ಟು ಹೊತ್ತು ಪುಟ ಬದಲಾಗದಂತೆ ಕಟ್ಟಿ. ಒಂದು ಸಲ ಸಿಕ್ಕ ಸ್ಟ್ರೀಮನ್ನೇ, ಅಂದರೆ ಮೈಕ್, ಕ್ಯಾಮೆರಾದಿಂದ ಬರುವ ಹರಿವನ್ನೇ, ಹಿಡಿದುಕೊಂಡು ಬಳಸಿ. ಬೇಕೆಂದರೆ ಶಿಷ್ಯೆ ತಾವೇ ಖಾಯಂ ಮಾಡಿಕೊಳ್ಳಬಹುದು: ವಿಳಾಸಪಟ್ಟಿಯ ಪಕ್ಕದ ಮೆನುವಿನಲ್ಲಿ ಆ ವೆಬ್‌ಸೈಟ್‌ನ ಸೆಟ್ಟಿಂಗ್ಸ್ ತೆರೆದು, ಮೈಕ್ರೊಫೋನ್ ಎದುರು ಅಲೌ ಆರಿಸಬೇಕು.

ಸಫಾರಿಯ ಇನ್ನೊಂದೆರಡು ಸ್ವಭಾವ ಗೊತ್ತಿರಲಿ. ವಿಡಿಯೊ ಟ್ಯಾಗ್‌ಗೆ ಪ್ಲೇಸ್‌ಇನ್‌ಲೈನ್ ಹಾಕದಿದ್ದರೆ ಐಫೋನ್‌ನಲ್ಲಿ ಚಿತ್ರ ನಿಮ್ಮ ಪುಟದೊಳಗೆ ಓಡುವುದಿಲ್ಲ. ಶಿಷ್ಯರಿಗೆ ಅವರದೇ ಮುಖ ತೋರಿಸುವ ಚಿಕ್ಕ ವಿಡಿಯೊಗೆ ಮ್ಯೂಟೆಡ್ ಕೂಡ ಹಾಕಿ, ಇಲ್ಲದಿದ್ದರೆ ಅವರ ದನಿ ಅವರಿಗೇ ಮರಳಿ ಕೇಳಿಸುತ್ತದೆ. ಮೈಕ್ ಓಡುತ್ತಿರುವ ಪುಟದಲ್ಲಿ ಸಫಾರಿ ಗುರುಗಳ ದನಿಯನ್ನು ತಾನಾಗಿ ನುಡಿಸಲು ಬಿಡುತ್ತದೆ. ಮೈಕ್ ಕೊಡದೆ ಸುಮ್ಮನೆ ಕೇಳಲು ಕೂತವರಿಗೆ ಮಾತ್ರ ಒಂದು ಸಲ ಪರದೆ ಮುಟ್ಟಿಸಬೇಕಾಗುತ್ತದೆ. ಅವರಿಗಾಗಿ ‘ಕೇಳಲು ಮಾತ್ರ ಸೇರಿ’ ಅಂತ ಒಂದು ಗುಂಡಿ ಇಡಿ.

ಕಪ್ಪು ಚಿತ್ರಕ್ಕೆ ನಾನು ಮೊದಲು ಅನುಮಾನಿಸುವುದು ಆಂಡ್ರಾಯ್ಡ್ 12ರಲ್ಲಿ, ಅಂದರೆ 2021ರಲ್ಲಿ ಬಂದ ಒಂದು ಸ್ವಿಚ್. ಪರದೆಯನ್ನು ಮೇಲಿನಿಂದ ಕೆಳಗೆ ಎಳೆದಾಗ ಬರುವ ಗುಂಡಿಗಳಲ್ಲಿ ಕ್ಯಾಮೆರಾಗೆ ಒಂದು, ಮೈಕ್‌ಗೆ ಒಂದು ಇರಬಹುದು. ಅದನ್ನು ಆಫ್ ಮಾಡಿದರೆ ಇಡೀ ಫೋನ್‌ಗೆ ಆಫ್. ಆಪ್‌ಗೆ ಅನುಮತಿ ಇದ್ದೇ ಇರುತ್ತದೆ, ಆದರೆ ಬರುವುದು ಖಾಲಿ ಚಿತ್ರ ಅಥವಾ ಮೌನ. ನಿಮ್ಮ ಕೋಡ್‌ಗೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ, ತಪ್ಪು ಬರುವುದೇ ಇಲ್ಲ. ಆದ್ದರಿಂದ ಕ್ಲಾಸ್ ಸೇರುವ ಮೊದಲು ಶಿಷ್ಯರಿಗೆ ‘ಸಾ ಹಾಡಿ ನೋಡಿ’ ಅಂತ ಹೇಳಿ, ದನಿಗೆ ತಕ್ಕಂತೆ ಏರಿಳಿಯುವ ಒಂದು ಪಟ್ಟಿ ತೋರಿಸಿ. ಪಟ್ಟಿ ಅಲುಗದಿದ್ದರೆ ಮೈಕ್ ಸ್ವಿಚ್ ನೋಡಲು ಹೇಳಿ.

ತಪ್ಪು ಬಂದಾಗ ಏನು ತೋರಿಸುತ್ತೀರಿ ಅನ್ನುವುದೂ ಮುಖ್ಯ. ‘ಏನೋ ತಪ್ಪಾಗಿದೆ’ ಅಂದರೆ ಯಾರಿಗೂ ಉಪಯೋಗ ಇಲ್ಲ. ಬ್ರೌಸರ್ ನಿಮಗೆ ತಪ್ಪಿನ ಹೆಸರು ಕೊಡುತ್ತದೆ. ನಾಟ್‌ಫೌಂಡ್ ಎರರ್ ಅಂದರೆ ಕೇಳಿದ ಸಾಧನವೇ ಇಲ್ಲ. ನಾಟ್‌ರೀಡಬಲ್ ಅಂದರೆ ಅನುಮತಿ ಇದೆ, ಆದರೆ ಸಾಧನ ತೆರೆಯಲಾಗುತ್ತಿಲ್ಲ. ಬಹಳ ಸಲ ಬೇರೆ ಆಪ್ ಅದನ್ನು ಹಿಡಿದುಕೊಂಡಿರುತ್ತದೆ. ಆಗ "ಬೇರೆ ಕಾಲ್ ಅಥವಾ ವಿಡಿಯೊ ಆಪ್ ಮುಚ್ಚಿ, ಮತ್ತೆ ಒತ್ತಿ" ಅನ್ನಬೇಕು. ಫೋನ್‌ನಲ್ಲಿ ಮುಂದಿನ ಕ್ಯಾಮೆರಾದಿಂದ ಹಿಂದಿನದಕ್ಕೆ ಬದಲಾಯಿಸುವಾಗಲೂ ಇದೇ ತಪ್ಪು ಬರುತ್ತದೆ, ಮೊದಲಿನದನ್ನು ನಿಲ್ಲಿಸದೆ ಎರಡನೆಯದನ್ನು ತೆರೆಯಲು ಹೋದರೆ. ಓವರ್‌ಕನ್‌ಸ್ಟ್ರೇನ್ಡ್ ಅಂದರೆ ನೀವು ‘ಇದೇ ಬೇಕು’ ಅಂತ ಹಟ ಹಿಡಿದದ್ದು ಆ ಫೋನ್‌ನಲ್ಲಿ ಇಲ್ಲ. ಎಕ್ಸಾಕ್ಟ್ ಬಿಟ್ಟು ಐಡಿಯಲ್ ಅಂತ ಕೇಳಿದರೆ ಇದು ಬರುವುದಿಲ್ಲ.

ತಲೆನೋವು ಕೊಡುವುದು ನಾಟ್‌ಅಲೌಡ್ ಎರರ್. ಶಿಷ್ಯರು ಈಗ ಬೇಡ ಅಂದರೂ ಅದೇ. ಹಿಂದೆ ಬೇಡ ಅಂದಿದ್ದರೂ ಅದೇ. ಫೋನ್ ಬ್ರೌಸರ್‌ಗೆ ಕೊಟ್ಟಿರದಿದ್ದರೂ ಅದೇ. ನಿಮ್ಮ ಪುಟ ಬೇರೆ ಸೈಟ್‌ನ ಐಫ್ರೇಮ್ (ಒಂದು ಪುಟದೊಳಗೆ ಇನ್ನೊಂದನ್ನು ತೋರಿಸುವ ಚೌಕಟ್ಟು) ಒಳಗೆ ಕೂತಿದ್ದು, ಆ ಐಫ್ರೇಮ್‌ಗೆ ಅಲೌ ಗುಣದಲ್ಲಿ ಮೈಕ್ರೊಫೋನ್ ಅಂತ ಬರೆದಿರದಿದ್ದರೂ ಅದೇ. ಪುಟದ ಜೊತೆ ಸರ್ವರ್ ಕಳಿಸುವ ಪರ್ಮಿಷನ್ಸ್ ಪಾಲಿಸಿ ಹೆಡರ್ ಅನ್ನುವ ಸೂಚನೆ ಮೈಕನ್ನು ಮುಚ್ಚಿದ್ದರೂ ಅದೇ. ಇದನ್ನು ಬಿಡಿಸಲು ಒಂದು ಸರಳ ಉಪಾಯ ಹೇಳುತ್ತೇನೆ. ಕರೆ ಮಾಡಿದ ಕ್ಷಣದಿಂದ ತಪ್ಪು ಬಂದ ಕ್ಷಣದವರೆಗೆ ಎಷ್ಟು ಹೊತ್ತಾಯಿತು ಅಂತ ಅಳೆಯಿರಿ. ಮನುಷ್ಯ ಓದಿ ಒತ್ತಲು ಕನಿಷ್ಠ ಅರ್ಧ ಸೆಕೆಂಡಾದರೂ ಬೇಕು. ಅದಕ್ಕಿಂತ ತೀರಾ ಬೇಗ ಬಂದರೆ ಪಾಪ್‌ಅಪ್ ಕಂಡೇ ಇಲ್ಲ, ತಡೆ ಮೊದಲೇ ಇತ್ತು ಅಂತ ತಿಳಿಯಬಹುದು. ಅನುಮತಿ ಈಗ ಯಾವ ಸ್ಥಿತಿಯಲ್ಲಿದೆ ಅಂತ ಬ್ರೌಸರ್‌ನ ಪರ್ಮಿಷನ್ಸ್ ಎಪಿಐನಿಂದ ಮೊದಲೇ ಕೇಳಿ ನೋಡಬಹುದು, ಆದರೆ ಅದು ಇಲ್ಲದ ಬ್ರೌಸರ್‌ನಲ್ಲೂ ಪುಟ ಮುರಿಯದಂತೆ ಬರೆಯಿರಿ.

ತಡೆ ಮೊದಲೇ ಇದ್ದರೆ ನಿಮ್ಮ ಕೋಡ್ ಏನೂ ಮಾಡಲಾರದು. ಸೈಟ್ ತಾನೇ ತಡೆ ತೆಗೆಯುವ ದಾರಿಯನ್ನು ಬ್ರೌಸರ್‌ಗಳು ಇಟ್ಟಿಲ್ಲ, ಇಡಲೂಬಾರದು. ದಾರಿ ತೋರಿಸುವುದಷ್ಟೇ ನಿಮ್ಮಿಂದ ಆಗುವುದು. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ವಿಳಾಸದ ಎಡಕ್ಕಿರುವ ಚಿಹ್ನೆ ಒತ್ತಿ, ಪರ್ಮಿಷನ್ಸ್ ತೆರೆದು, ಮೈಕ್ರೊಫೋನ್ ಆನ್ ಮಾಡಿ, ಪುಟ ರಿಫ್ರೆಶ್ ಮಾಡಬೇಕು. ಮುಂಚೆ ಅಲ್ಲಿ ಬೀಗದ ಚಿತ್ರ ಇತ್ತು, 2023ರಲ್ಲಿ ಕ್ರೋಮ್ ಅದನ್ನು ಬದಲಾಯಿಸಿತು. ಹಾಗಾಗಿ ಸಹಾಯದ ಪುಟದಲ್ಲಿ ‘ಬೀಗ ಒತ್ತಿ’ ಅಂತ ಬರೆದಿದ್ದರೆ ತಿದ್ದಿ. ಅದರಿಂದಲೂ ಆಗದಿದ್ದರೆ ಫೋನ್ ಸೆಟ್ಟಿಂಗ್ಸ್‌ನಲ್ಲಿ ಆಪ್ಸ್, ಕ್ರೋಮ್, ಪರ್ಮಿಷನ್ಸ್, ಮೈಕ್ರೊಫೋನ್. ಈ ದಾರಿಯನ್ನು ಸ್ಕ್ರೀನ್‌ಶಾಟ್ ಹಾಕಿ ಕನ್ನಡದಲ್ಲಿ ಬರೆದಿಡಿ. ಬ್ರೌಸರ್ ಯಾವುದು ಅಂತ ನೋಡಿ ಅವರಿಗೆ ಬೇಕಾದ್ದನ್ನು ಮಾತ್ರ ತೋರಿಸಿ.

ಲಿಂಕ್ ಎಲ್ಲಿಂದ ಒತ್ತಿದರು ಅಂತಲೂ ವಿಚಾರಿಸಿ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಂಥ ಆಪ್‌ಗಳು ಲಿಂಕನ್ನು ತಮ್ಮೊಳಗಿನ ಬ್ರೌಸರ್‌ನಲ್ಲೇ ತೆರೆಯುತ್ತವೆ. ಆಂಡ್ರಾಯ್ಡ್‌ನಲ್ಲಿ ವೆಬ್‌ವ್ಯೂ ಅನ್ನುವ ಇಂಥ ಒಳ ಬ್ರೌಸರ್‌ನಲ್ಲಿ ಪುಟಕ್ಕೆ ಮೈಕ್ ಸಿಗಬೇಕಾದರೆ ಆ ಆಪ್ ಬರೆದವರೇ ಅದಕ್ಕೆ ವ್ಯವಸ್ಥೆ ಮಾಡಿರಬೇಕು. ಮಾಡಿರದಿದ್ದರೆ ಪಾಪ್‌ಅಪ್ ಇಲ್ಲದೆ ನಿರಾಕರಣೆ ಆಗುತ್ತದೆ. ಮೂರು ಚುಕ್ಕಿ ಒತ್ತಿ ಹೊರಗಿನ ಬ್ರೌಸರ್‌ನಲ್ಲಿ ತೆರೆಯಲು ಹೇಳುವುದೇ ಪರಿಹಾರ.

ಈಗ ತಂಬೂರಿ. ಅತ್ತೆಯವರ ದೂರು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿತು, ಯಾಕೆಂದರೆ ಪರ್ಮಿಷನ್ ಸಿಕ್ಕಿಯೂ ಕ್ಲಾಸ್ ಕೆಡುವುದು ಇಲ್ಲೇ. ಬ್ರೌಸರ್ ಮೈಕನ್ನು ಮಾತುಕತೆಗೆ ಅಂತಲೇ ಸಿದ್ಧ ಮಾಡಿ ಕೊಡುತ್ತದೆ. ಅದರಲ್ಲಿ ಮೂರು ಕೆಲಸ ನಡೆಯುತ್ತಿರುತ್ತವೆ: ಎಕೋ ಕ್ಯಾನ್ಸಲೇಷನ್ (ಮರುದನಿ ತೆಗೆಯುವುದು), ನಾಯ್ಸ್ ಸಪ್ರೆಷನ್ (ಗದ್ದಲ ತಗ್ಗಿಸುವುದು), ಆಟೊ ಗೇನ್ ಕಂಟ್ರೋಲ್ (ದನಿಯ ಮಟ್ಟವನ್ನು ತಾನಾಗಿ ಸರಿಮಾಡುವುದು). ನಾಯ್ಸ್ ಸಪ್ರೆಷನ್ ಹುಡುಕುವುದು ಬದಲಾಗದೆ ಒಂದೇ ಸಮನೆ ಬರುವ ದನಿಯನ್ನು. ಫ್ಯಾನ್, ಫ್ರಿಜ್ ಸದ್ದು ಹಾಗೇ ಇರುತ್ತದೆ. ತಂಬೂರಿಯ ನಾದವೂ ಹಾಗೇ ಇರುತ್ತದೆ. ಅದಕ್ಕೆ ಎರಡೂ ಒಂದೇ, ಅಳಿಸಿಬಿಡುತ್ತದೆ. ಶಿಷ್ಯರು ಷಡ್ಜದ ಮೇಲೆ ಬಹಳ ಹೊತ್ತು ನಿಂತರೆ ಅವರ ದನಿಯೂ ಮಧ್ಯೆ ಸವೆದಂತೆ ಕೇಳಿಸುತ್ತದೆ. ಆಟೊ ಗೇನ್ ಇನ್ನೊಂದು ಕೆಡುಕು ಮಾಡುತ್ತದೆ. ಮಂದ್ರದಲ್ಲಿ ಮೆತ್ತಗೆ ಹಾಡಿದ್ದನ್ನು ಎತ್ತುತ್ತದೆ, ತಾರಕ್ಕೆ ಹೋದಾಗ ತಗ್ಗಿಸುತ್ತದೆ. ಶಿಷ್ಯರು ದನಿಯನ್ನು ಹೇಗೆ ನಿಭಾಯಿಸುತ್ತಿದ್ದಾರೆ ಅಂತ ಗುರುಗಳಿಗೆ ಗೊತ್ತಾಗುವುದೇ ಇಲ್ಲ.

ಗೆಟ್‌ಯೂಸರ್‌ಮೀಡಿಯಾ ಕರೆಯುವಾಗ ಆಡಿಯೊ ಅಡಿಯಲ್ಲಿ ಈ ಮೂರಕ್ಕೂ ಫಾಲ್ಸ್ ಅಂತ ಕೊಡಿ. ಎಲ್ಲ ಬ್ರೌಸರ್‌ಗಳೂ ಮೂರನ್ನೂ ಪಾಲಿಸುವುದಿಲ್ಲ. ಹಾಗಾಗಿ ಟ್ರ್ಯಾಕ್‌ನ (ಸ್ಟ್ರೀಮ್‌ನೊಳಗಿನ ದನಿ ಅಥವಾ ಚಿತ್ರದ ಒಂದು ಎಳೆ) ಗೆಟ್‌ಸೆಟ್ಟಿಂಗ್ಸ್ ಕರೆದು ನಿಜವಾಗಿ ಏನಾಗಿದೆ ಅಂತ ನೋಡಿ. ಎಕೋ ಕ್ಯಾನ್ಸಲೇಷನ್ ಆಫ್ ಆದ ಮೇಲೆ ಸ್ಪೀಕರ್ ಬಳಸಿದರೆ ಗುರುಗಳ ದನಿ ಶಿಷ್ಯರ ಮೈಕ್‌ಗೆ ಹೋಗಿ ವಾಪಸ್ ಬರುತ್ತದೆ. ಇಯರ್‌ಫೋನ್ ಕಡ್ಡಾಯ ಮಾಡಿ, ಅದೂ ವಯರ್ ಇರುವುದು. ಬ್ಲೂಟೂತ್ ಹೆಡ್‌ಸೆಟ್‌ನ ಮೈಕ್ ಆನ್ ಆದ ಕೂಡಲೇ ಅದು ಸಾಮಾನ್ಯವಾಗಿ ಫೋನ್ ಕರೆಯ ಗುಣಮಟ್ಟಕ್ಕೆ ಇಳಿಯುತ್ತದೆ, ಸಂಗೀತಕ್ಕೆ ಅದು ಸಾಲದು. ಇಯರ್‌ಫೋನ್ ಇಲ್ಲದವರಿಗಾಗಿ ‘ಮಾತಿಗೆ’, ‘ಹಾಡಿಗೆ’ ಅಂತ ಎರಡು ಆಯ್ಕೆ ಕೊಟ್ಟರೆ ಸಾಕು.

ಕ್ಲಾಸನ್ನು ರೆಕಾರ್ಡ್ ಮಾಡುವ ಯೋಚನೆ ಇದ್ದರೆ ಅದಕ್ಕೆ ಬೇರೆಯಾಗಿಯೇ ಒಪ್ಪಿಗೆ ಪಡೆಯಿರಿ. ಮೈಕ್‌ಗೆ ಅಲೌ ಒತ್ತಿದ್ದನ್ನು ರೆಕಾರ್ಡಿಂಗ್‌ಗೆ ಒಪ್ಪಿಗೆ ಅಂತ ತಿಳಿಯಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, ಒಪ್ಪಿಗೆ ಕೇಳುವ ಮಾತು ಸರಳವಾಗಿರಬೇಕು, ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲೂ ಓದಲು ಅವಕಾಶ ಇರಬೇಕು ಅನ್ನುತ್ತದೆ. ಕನ್ನಡ ಅದರಲ್ಲಿದೆ. 18 ತುಂಬದ ಮಕ್ಕಳ ವಿಷಯದಲ್ಲಿ ತಂದೆ ತಾಯಿಯ ಒಪ್ಪಿಗೆ ಬೇಕು ಅಂತಲೂ ಹೇಳುತ್ತದೆ. ಸಂಗೀತ ಕ್ಲಾಸ್‌ನಲ್ಲಿ ಮಕ್ಕಳು ಇದ್ದೇ ಇರುತ್ತಾರಲ್ಲ.

ಕೊನೆಗೆ, ಕ್ಲಾಸ್ ಮುಗಿದಾಗ ಸ್ಟ್ರೀಮ್‌ನ ಪ್ರತಿ ಟ್ರ್ಯಾಕ್‌ಗೂ ಸ್ಟಾಪ್ ಕರೆಯಿರಿ. ಎನೇಬಲ್ಡ್ ಅನ್ನು ಫಾಲ್ಸ್ ಮಾಡಿದರೆ ದನಿ ಹೋಗುವುದು ನಿಲ್ಲುತ್ತದೆ, ಆದರೆ ಮೈಕ್ ಕೈಬಿಟ್ಟಂತೆ ಆಗುವುದಿಲ್ಲ. ಐಒಎಸ್ 14ರಿಂದ ಐಫೋನ್‌ನಲ್ಲಿ, ಆಂಡ್ರಾಯ್ಡ್ 12ರಿಂದ ಅಲ್ಲೂ, ಮೈಕ್ ಅಥವಾ ಕ್ಯಾಮೆರಾ ಓಡುತ್ತಿದ್ದರೆ ಪರದೆಯ ಮೇಲೆ ಬಣ್ಣದ ಚುಕ್ಕಿ ಕಾಣುತ್ತದೆ. ‘ಕ್ಲಾಸ್ ಮುಗಿದ ಕೂಡಲೇ ಮೈಕ್ ಆಫ್’ ಅಂತ ಬರೆದ ಮೇಲೂ ಆ ಚುಕ್ಕಿ ಉಳಿದಿದ್ದರೆ, ಮುಂದಿನ ಸಲ ಅವರು ಅಲೌ ಒತ್ತುವುದಿಲ್ಲ. ಕ್ಲಾಸ್ ನಡುವೆ ಫೋನ್ ಕರೆ ಬಂದರೆ ಐಫೋನ್ ಟ್ರ್ಯಾಕನ್ನು ಮ್ಯೂಟ್ ಮಾಡಬಹುದು. ಟ್ರ್ಯಾಕ್‌ನ ಮ್ಯೂಟ್, ಅನ್‌ಮ್ಯೂಟ್, ಎಂಡೆಡ್ ಘಟನೆಗಳನ್ನು ಗಮನಿಸುತ್ತಿರಿ. ಎಂಡೆಡ್ ಬಂದರೆ ತಾನಾಗಿ ಮತ್ತೆ ಕೇಳಬೇಡಿ. "ಮೈಕ್ ನಿಂತಿದೆ, ಮುಂದುವರಿಸಲು ಒತ್ತಿ" ಅಂತ ಗುಂಡಿ ತೋರಿಸಿ.